ಸದ್ದಿಲ್ಲದ ಲ್ಯಾಪ್‌ಟಾಪ್

ಬೀದಿಯವರು ಫ್ರಿಡ್ಜ್ ರಿಪೇರಿಯವನಿಗೆ ತಂಪಣ್ಣ ಎಂದು ಹೆಸರಿಟ್ಟದ್ದು ಅವನ ಕೆಲಸ ನೋಡಿ. ಸ್ವಭಾವ ನೋಡಿದ್ದರೆ ಬೇರೇನಾದರೂ ಇಡುತ್ತಿದ್ದರು. ಬೆಳಿಗ್ಗೆ ಎದ್ದಾಗಿನಿಂದ ಅವನಿಗೆ ಒಂದಲ್ಲ ಒಂದು ಸದ್ದು ಆಗಿಬರುತ್ತಿರಲಿಲ್ಲ. ಮೇಲಿನ ಮನೆಯ ನೀರಿನ ಪಂಪು ಗುರ್ರೆಂದರೆ ಹಲ್ಲುಜ್ಜುತ್ತಲೇ, "ಬೇರಿಂಗ್ ಹೋಗಿದೆ, ಹೇಳಿದ್ರೆ ಕೇಳಲ್ಲ" ಎಂದು ಗೊಣಗುತ್ತಿದ್ದ. ಹೆಂಡತಿ ಮಿಕ್ಸಿ ಹಾಕಿದರೆ ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದ. ನೆಟ್ಟಗಿರುವ ಯಂತ್ರ ಸದ್ದು ಮಾಡುವುದಿಲ್ಲ, ಸದ್ದು ಮಾಡುವ ಯಂತ್ರಕ್ಕೆ ಏನೋ ಕಾಯಿಲೆ ಇದೆ: ಇಷ್ಟು ವರ್ಷ ಅವನ ಮನೆಯ ಒಲೆ ಉರಿದದ್ದು ಈ ಒಂದು ನಂಬಿಕೆಯ ಮೇಲೆ. ಗಿರಾಕಿಯ ಮನೆಗೆ ಹೋದರೆ ಮೊದಲು ಫ್ರಿಡ್ಜಿನ ಪಕ್ಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಇಂಥದ್ದೇ ಆಗಿದೆ ಎನ್ನುತ್ತಿದ್ದ. ಹೇಳಿದ್ದು ತಪ್ಪಾಗುತ್ತಿದ್ದದ್ದು ಅಪರೂಪ.

ಅಂಥವನ ಮನೆಯಲ್ಲಿ ಮಗಳು ಗೇಮಿಂಗ್ ಲ್ಯಾಪ್‌ಟಾಪ್ ಬೇಕು ಎಂದಳು.

ಮಗಳನ್ನು ಮನೆಯವರೆಲ್ಲ ಚೂಟಿ ಎಂದೇ ಕರೆಯುತ್ತಿದ್ದರು. ಕಾಲೇಜಿನ ಕೊನೆಯ ವರ್ಷ. ಸಂಜೆ ಒಂದು ಸ್ಟೇಷನರಿ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ಅಪ್ಪನಿಗೆ ಬರುವ ರಿಪೇರಿ ಫೋನುಗಳಿಗೂ ಅವಳೇ ಉತ್ತರ ಹೇಳಬೇಕು, ಯಾಕೆಂದರೆ ತಂಪಣ್ಣ ಫೋನೆತ್ತಿದರೆ ಗಿರಾಕಿಗೇ ನಾಲ್ಕು ಬುದ್ಧಿಮಾತು ಹೇಳಿಬಿಡುತ್ತಿದ್ದ. ಇದೆಲ್ಲದರ ನಡುವೆ ಬಸ್ ನಿಲ್ದಾಣದ ಹಿಂದಿನ ಗೇಮಿಂಗ್ ಸೆಂಟರಿನಲ್ಲಿ, ಕಂಪ್ಯೂಟರ್ ಮುಂದೆ ಕೂತು, ಐದು ಜನರ ಒಂದು ತಂಡದಲ್ಲಿ ಆಡುತ್ತಿದ್ದಳು. ಅಲ್ಲಿ ಅವಳದು ಮುಂದೆ ನುಗ್ಗುವ ಕೆಲಸ. ಅವಳು ಈಗ ಎಂದರೆ ಮಾತ್ರ ಉಳಿದ ನಾಲ್ವರು ಹೆಜ್ಜೆ ಇಡಬೇಕು. ಕಾಲೇಜಿನಲ್ಲಾಗಲಿ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಅವಳ ಮಾತಿಗೆ ಕಾಯುವವರು ಯಾರೂ ಇರಲಿಲ್ಲ.

"ಸೆಂಟರ್ ಮುಚ್ತಾ ಇದಾರೆ," ಎಂದಳು ಒಂದು ರಾತ್ರಿ ಊಟಕ್ಕೆ ಕೂತಾಗ. "ಅಲ್ಲಿ ಸೋಫಾ ಅಂಗಡಿ ಬರುತ್ತಂತೆ. ಇನ್ಮೇಲೆ ಎಲ್ರೂ ಅವರವರ ಮನೆಯಿಂದ್ಲೇ ಆಡ್ಬೇಕು. ಸ್ವಂತ ಲ್ಯಾಪ್‌ಟಾಪ್ ಇಲ್ದಿದ್ರೆ ನನ್ ಜಾಗ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡು," ಎಂದ ತಂಪಣ್ಣ. "ಉಪ್ಪು ಕೊಡು ಈ ಕಡೆ."

"ಮುಂದಿನ ತಿಂಗಳು ಪಂದ್ಯ ಇದೆ ಅಪ್ಪ. ಅದಕ್ಕೇ ಇಷ್ಟು ದಿನ ತಯಾರಿ ಮಾಡಿದ್ದು."

"ಗೆದ್ರೆ ಏನ್ ಕೊಡ್ತಾರೆ?" ಎಂದರು ಅಜ್ಜಿ. ತಂಪಣ್ಣನ ತಾಯಿ. ಹಲ್ಲು ಹೋಗಿದ್ದವು, ನಾಲಿಗೆ ಮಾತ್ರ ಚುರುಕಾಗಿತ್ತು.

"ಮುಂದಿನ ಸುತ್ತಿಗೆ ಕಳಿಸ್ತಾರೆ."

"ಅಷ್ಟೇನಾ? ಒಂದು ಪಾತ್ರೆನಾದ್ರೂ ಕೊಡಲ್ವಾ?"

ಚೂಟಿ ನಗಲಿಲ್ಲ. ಅವಳು ನಗದೇ ಇದ್ದದ್ದನ್ನು ಗಮನಿಸಿದವಳು ಅವಳ ಅಮ್ಮ ಮಾತ್ರ. ಆಕೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಹಾಸಿಗೆಯ ಹೊದಿಕೆಗಳನ್ನು ಮಡಚಿ ಮಡಚಿ, ಮನೆಗೆ ಬಂದ ಮೇಲೂ ಕೈಗೆ ಸಿಕ್ಕ ಟವೆಲನ್ನು ತನಗರಿವಿಲ್ಲದೆ ನಾಲ್ಕು ಮಡಿಕೆ ಮಾಡುತ್ತಿದ್ದಳು. ಮಗಳ ಮುಖ ನೋಡಿ, "ಎಷ್ಟಾಗುತ್ತೆ?" ಎಂದು ಕೇಳಿದಳು.

"ಹೊಸದು ನಮ್ ಕೈಗೆ ನಿಲುಕಲ್ಲಮ್ಮ. ಒಬ್ರು ಬಳಸಿ ವಾಪಸ್ ಕೊಟ್ಟಿದ್ದನ್ನ ಸರಿಮಾಡಿ ಮಾರ್ತಾರೆ. ಅದ್ರಲ್ಲಿ ಒಂದು ನೋಡಿದೀನಿ. ಅರ್ಧ ದುಡ್ಡು ನನ್ ಸಂಬಳದ್ದೇ ಇದೆ."

ಉಳಿದ ಅರ್ಧ ಎಲ್ಲಿದೆ ಎನ್ನುವುದು ಕೂತವರಿಗೆಲ್ಲ ಗೊತ್ತಿತ್ತು. ಅಮ್ಮ ಹೊಸ ಫ್ರಿಡ್ಜಿಗೆಂದು ಕೂಡಿಟ್ಟಿದ್ದಳು. ಊರವರ ಫ್ರಿಡ್ಜನ್ನೆಲ್ಲ ಸರಿಮಾಡುವವನ ಮನೆಯ ಫ್ರಿಡ್ಜಿಗೆ ಬಾಗಿಲು ಕೂಡುತ್ತಿರಲಿಲ್ಲ. ಒಂದು ಹಳೆಯ ಬೆಲ್ಟು ಬಿಗಿದು ಇಟ್ಟಿದ್ದರು. ಹಾಲು ತೆಗೆಯಬೇಕಾದರೆ ಬೆಲ್ಟು ಬಿಚ್ಚಬೇಕು. ತಂಪಣ್ಣನಿಗೆ ಮಾತ್ರ ಆ ಫ್ರಿಡ್ಜ್ ಎಂದರೆ ಪಂಚಪ್ರಾಣ. "ಉಸಿರಾಡೋದೂ ಕೇಳಿಸಲ್ಲ ನೋಡು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಮುಂದಿನ ರಜೆಯ ದಿನ ಅಪ್ಪ, ಅಮ್ಮ, ಮಗಳು ಮೂವರೂ ಅಂಗಡಿಗೆ ಹೋದರು. ಚೂಟಿ ಆರಿಸಿದ್ದು ದಪ್ಪನೆಯ ಕಪ್ಪು ಲ್ಯಾಪ್‌ಟಾಪ್. ಕೌಂಟರಿನ ಹುಡುಗಿ ಅದರಲ್ಲಿ ಒಂದು ಆಟ ಹಚ್ಚಿ ತೋರಿಸಿದಳು. ತುಸು ಹೊತ್ತಿಗೆ ಅದರ ಬೆನ್ನಿನ ಫ್ಯಾನು ಭರ್ರೆಂದು ತಿರುಗತೊಡಗಿತು. ತಂಪಣ್ಣ ಹುಬ್ಬು ಗಂಟಿಕ್ಕಿ, ಮೇಜಿನ ಮೇಲೆ ಬಾಗಿ, ನಾಲ್ಕು ಜನರೆದುರು ಅದಕ್ಕೆ ಕಿವಿ ಹಚ್ಚಿದ.

"ಇದಕ್ಕೆ ಜ್ವರ ಬಂದಿದೆ," ಎಂದ.

"ಅಪ್ಪ, ಮೆಲ್ಲಗೆ!"

"ಏನ್ ಮೆಲ್ಲಗೆ? ಕೈ ಇಟ್ ನೋಡು, ಸುಡ್ತಾ ಇದೆ. ಹಾಳಾಗಿದ್ದಕ್ಕೇ ಹಳಬರು ವಾಪಸ್ ಕೊಟ್ಟಿರೋದು."

"ಸಾರ್, ದೊಡ್ಡ ಆಟ ಆಡುವಾಗ ಹಾಗೇನೇ," ಎಂದಳು ಕೌಂಟರಿನ ಹುಡುಗಿ.

"ಅಮ್ಮಾ, ನಾನು ನಿಮ್ಮ ವಯಸ್ಸಿಗಿಂತ ಹೆಚ್ಚು ಕಾಲ ಫ್ಯಾನ್ ಬಿಚ್ಚಿದೀನಿ," ಎಂದ ತಂಪಣ್ಣ. ಅಲ್ಲಿಗೆ ಆ ದಿನದ ವ್ಯಾಪಾರ ಮುಗಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಚೂಟಿ ಅಮ್ಮನ ಪಕ್ಕ ಕೂತಳು, ಅಪ್ಪನ ಪಕ್ಕದ ಜಾಗ ಖಾಲಿ ಇದ್ದರೂ.

ಒಂದು ವಾರ ಅದೇ ಮಾತು. ತಟ್ಟೆ ಇಟ್ಟ ಕೂಡಲೇ ಲ್ಯಾಪ್‌ಟಾಪ್ ಬರುತ್ತಿತ್ತು. ಚೂಟಿ ಬಿಡಿಸಿ ಬಿಡಿಸಿ ಹೇಳಿದಳು. ಚಿತ್ರ ಮೂಡಿಸುವ ಭಾಗ ಬೇರೆಯೇ ಇರಬೇಕು, ಅದು ದುಡಿದಾಗ ಬಿಸಿಯಾಗುತ್ತದೆ, ಬಿಸಿ ಹೊರಗೆ ದೂಡಲು ಫ್ಯಾನು ಜೋರಾಗಿ ತಿರುಗುತ್ತದೆ, ಅದು ರೋಗವಲ್ಲ ಎಂದಳು. ತಂಪಣ್ಣ ರೊಟ್ಟಿ ಮುರಿಯುತ್ತಾ, "ಗೊತ್ತು ಗೊತ್ತು" ಎಂದ. ಬಿಸಿಯ ವಿಷಯ ತನಗೆ ಹೇಳಿಕೊಡಲು ಬಂದಿದ್ದಾಳಲ್ಲ ಎಂದು ಅವನಿಗೆ ಒಳಗೊಳಗೇ ನಗು. ಕೊನೆಗೆ ಅಮ್ಮನೇ ಎದ್ದುಹೋಗಿ, ಫ್ರಿಡ್ಜಿಗೆಂದು ಇಟ್ಟ ಹಣ ತಂದು ಗಂಡನ ಮುಂದೆ ಇಟ್ಟಳು.

"ಇಷ್ಟು ವರ್ಷ ಬೆಲ್ಟ್ ಬಿಚ್ಚಿದೀನಿ, ಇನ್ನೊಂದ್ ವರ್ಷ ಬಿಚ್ತೀನಿ. ಅವಳು ಕೇಳಿದ್ದನ್ನ ತಂದ್ಕೊಡಿ."

"ಹುಡುಗಿ ಆಟಕ್ಕೆ ಮನೆ ಫ್ರಿಡ್ಜ್ ಹೋಯ್ತು," ಎಂದರು ಅಜ್ಜಿ.

"ಅತ್ತೆ, ನಿಮ್ಗೆ ತಣ್ಣೀರು ತಪ್ಪಲ್ಲ, ಸುಮ್ನಿರಿ."

ಲ್ಯಾಪ್‌ಟಾಪ್ ಅಂಗಡಿಯಲ್ಲಿ ರಿಯಾಯಿತಿ ಇತ್ತು. ಅದು ಮುಗಿಯುವ ದಿನ ಚೂಟಿಗೆ ಸ್ಟೇಷನರಿ ಅಂಗಡಿಯಲ್ಲಿ ದಾಸ್ತಾನು ಲೆಕ್ಕ, ಬಿಟ್ಟು ಬರುವಂತಿರಲಿಲ್ಲ. ತಂಪಣ್ಣನೇ ಹೊರಟ. ಬಾಗಿಲವರೆಗೂ ಬಂದು ಅವಳು ಹೇಳಿದಳು: "ಆ ಕಪ್ಪುದ್ದೇ ಅಪ್ಪ. ಬೇರೆ ಏನೂ ನೋಡ್ಬೇಡ."

"ಆಯ್ತು ಮಾರಾಯ್ತಿ."

ಹೋಗುವಾಗ ಅವನ ಮನಸ್ಸಿನಲ್ಲಿ ಮೋಸವೇನೂ ಇರಲಿಲ್ಲ. ಕಪ್ಪುದನ್ನೇ ಕೇಳಿದ. ಕೌಂಟರಿನ ಹುಡುಗಿ ಹಚ್ಚಿದಳು, ಅದು ಮತ್ತೆ ಭರ್ರೆಂದಿತು.  ಹೆಂಡತಿ ವರ್ಷಗಟ್ಟಲೆ ಕೂಡಿಟ್ಟದ್ದು, ಮಗಳು ನಿಂತು ದುಡಿದದ್ದು, ಅದನ್ನೆಲ್ಲ ಕೊಟ್ಟು ರೋಗಿಯನ್ನು ಮನೆಗೆ ಒಯ್ಯುವುದೇ? ಕಣ್ಣು ಪಕ್ಕಕ್ಕೆ ಹೊರಳಿತು. ಅಲ್ಲೊಂದು ತೆಳ್ಳನೆಯ ಬೆಳ್ಳಿ ಬಣ್ಣದ್ದು ಕೂತಿತ್ತು. ಹೊಚ್ಚ ಹೊಸದು, ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ. ಹಚ್ಚಲು ಹೇಳಿ ಕಿವಿ ಇಟ್ಟ. ಏನೂ ಕೇಳಿಸಲಿಲ್ಲ. ಕೈ ಇಟ್ಟ. ತಣ್ಣಗಿತ್ತು.

"ಇದ್ರಲ್ಲಿ ಫ್ಯಾನೇ ಇಲ್ಲ ಸಾರ್," ಎಂದಳು ಹುಡುಗಿ. "ಯಾವ ಕೆಲಸಕ್ಕೆ ಬೇಕಾಗಿತ್ತು?"

"ಮಗಳಿಗೆ. ಓದೋಕೆ. ಆಡೋಕೆ."

"ಆಟ ಅಂದ್ರೆ, ಯಾವ ಆಟ?"

ತಂಪಣ್ಣ ಬಾಯಿ ತೆರೆದ. ಹೆಸರು ಬರಲಿಲ್ಲ. ಮಗಳು ದಿನಕ್ಕೆ ಹತ್ತು ಸಲ ಹೇಳುವ ಹೆಸರು, ನಾಲಿಗೆಯ ತುದಿಯಲ್ಲೂ ಇರಲಿಲ್ಲ. ಹಿಂದೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವನಿಗೆ ನಾಚಿಕೆಯಾಯಿತು.

"ಇರ್ತವಲ್ಲ, ಮಕ್ಕಳ ಆಟ," ಎಂದ.

"ಸಣ್ಣಪುಟ್ಟ ಆಟ ಆದ್ರೆ ನಡೆಯುತ್ತೆ ಸಾರ್."

"ಸಣ್ಣದೇ, ಸಣ್ಣದೇ," ಎಂದು ತಂಪಣ್ಣ ಹಣ ಕೊಟ್ಟ.

ಮನೆಗೆ ಬಂದವನ ಮುಖ ಊರಗಲವಾಗಿತ್ತು. ದಾರಿಯಲ್ಲಿ ಸಿಕ್ಕ ಕ್ಷೌರದವನಿಗೂ ಇಸ್ತ್ರಿಯವಳಿಗೂ ಡಬ್ಬಿ ತೋರಿಸಿಯೇ ಬಂದಿದ್ದ. ಚೂಟಿ ಕೆಲಸದಿಂದ ಬಂದು, ಚಪ್ಪಲಿ ಕೂಡ ಬಿಡದೆ ಡಬ್ಬಿ ಬಿಚ್ಚಿದಳು. ಬೆಳ್ಳಿ ಬಣ್ಣ ಕಂಡಿತು. ಅವಳ ಕೈ ಅಲ್ಲೇ ನಿಂತಿತು.

"ಕಪ್ಪುದು?" ಎಂದಳು.

"ಅದನ್ನ ಬಿಟ್ ಹಾಕು. ಅದೇ ದುಡ್ಡಿಗೆ ಹೊಸದೇ ಸಿಕ್ತು. ಗ್ಯಾರಂಟಿ ಇದೆ. ಕಿವಿ ಇಟ್ ನೋಡು ಮಗಳೇ, ಸದ್ದೇ ಇಲ್ಲ!"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅಜ್ಜಿ ಕತ್ತು ಚಾಚಿ ನೋಡುತ್ತಿದ್ದರು. ಅಪ್ಪ ಹಬ್ಬದ ದಿನದ ಮಗುವಿನಂತೆ ಕಾಯುತ್ತಿದ್ದ. ಚೂಟಿ ಒಬ್ಬೊಬ್ಬರ ಮುಖ ನೋಡಿ, "ಚೆನ್ನಾಗಿದೆ ಅಪ್ಪ," ಎಂದಳು.

ಆ ಮಾತು ತಂಪಣ್ಣನಿಗೆ ಸಾಕಾಗಿತ್ತು. ಅವಳು ಹೇಳಿದ ರೀತಿಯನ್ನು ಅವನು ಕೇಳಿಸಿಕೊಳ್ಳಲಿಲ್ಲ.

ಮುಂದಿನ ಮೂರು ವಾರ ಅವನು ಸಿಕ್ಕಸಿಕ್ಕವರಿಗೆ ಲ್ಯಾಪ್‌ಟಾಪ್ ಕೊಳ್ಳುವ ಉಪದೇಶ ಮಾಡಿದ. ಫ್ರಿಡ್ಜಿಗೆ ಗ್ಯಾಸ್ ತುಂಬಿಸಲು ಹೋದ ಮನೆಯಲ್ಲಿ, ಬಾಗಿಲಿನ ರಬ್ಬರ್ ಬದಲಿಸಲು ಹೋದ ಹೋಟೆಲಿನಲ್ಲಿ, ಎಲ್ಲೆಡೆ ಅದೇ ಕಥೆ. ಸಂಜೆ ಮನೆಗೆ ಬಂದರೆ ಚೂಟಿ ಕೋಣೆಯ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆಳ್ಳಿ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದಳು.

"ಆಟ ಹೇಗೆ ನಡೀತಾ ಇದೆ?"

"ಚೆನ್ನಾಗಿ ನಡೀತಾ ಇದೆ ಅಪ್ಪ."

ಆದರೆ ಮನೆಯಲ್ಲಿ ಏನೋ ಸರಿಯಿರಲಿಲ್ಲ. ಚೂಟಿ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ರಿಪೇರಿ ಫೋನು ಬಂದರೆ ವಿಳಾಸ ತಪ್ಪು ಹೇಳುತ್ತಿದ್ದಳು. ತಂಪಣ್ಣ ಒಂದು ದಿನ ಬೀದಿಯೆಲ್ಲ ಸುತ್ತಿ, ಬೇರೆ ಯಾರದೋ ಮನೆ ಬಾಗಿಲು ತಟ್ಟಿ ಬೈಸಿಕೊಂಡು ಬಂದ. ಅಮ್ಮ ಬೆಲ್ಟು ಬಿಗಿಯುವಾಗ ಎಂದಿಗಿಂತ ಜೋರಾಗಿ ಎಳೆಯುತ್ತಿದ್ದಳು. ಒಂದು ಬೆಳಿಗ್ಗೆ ಬೆಲ್ಟೇ ಕಿತ್ತುಬಂದು ಮೊಟ್ಟೆಗಳು ನೆಲದ ಪಾಲಾದವು.

"ಹೊಸ ಫ್ರಿಡ್ಜ್ ಆಗಿದ್ರೆ ಹೀಗಾಗ್ತಿತ್ತಾ?" ಎಂದರು ಅಜ್ಜಿ.

"ನಾನೇನಾದ್ರೂ ಅಂದ್ನಾ?" ಎಂದಳು ಅಮ್ಮ, ನೆಲ ಒರೆಸುತ್ತಾ.

"ಅನ್ನಲ್ಲ ನೀನು. ಬೆಲ್ಟ್ ಎಳೀತೀಯ."

"ಒಂದ್ ಮೊಟ್ಟೆಗೆ ಇಷ್ಟು ರಾದ್ಧಾಂತ ಬೇಕಾ?" ಎಂದು ತಂಪಣ್ಣ ಕೂಗಿದ. ಚೂಟಿ ಚೀಲ ಹೆಗಲಿಗೇರಿಸಿ, ತಿಂಡಿಯನ್ನೂ ತಿನ್ನದೆ ಹೊರಟುಹೋದಳು.

ಆ ವಾರವೇ ಒಬ್ಬ ಬಸ್ ಡ್ರೈವರನ ಮನೆಯಿಂದ ಕರೆ ಬಂತು, ಫ್ರಿಡ್ಜ್ ತಣ್ಣಗಾಗುತ್ತಿಲ್ಲ ಎಂದು. ಡ್ರೈವರನಿಗೆ ಅಂದು ವಾರದ ರಜೆ. ಚಡ್ಡಿ ಬನಿಯನ್ನಿನಲ್ಲಿ ಊಟದ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಆಡುತ್ತಿದ್ದ. ಅದರ ಸದ್ದು ಬಾಗಿಲಿಗೇ ಕೇಳಿಸುತ್ತಿತ್ತು. ತಂಪಣ್ಣ ಫ್ರಿಡ್ಜಿನ ಹಿಂದೆ ಕೂತು ಎಷ್ಟು ತಡೆದುಕೊಂಡರೂ ಆಗಲಿಲ್ಲ.

"ಸ್ವಾಮೀ, ಅದರ ಫ್ಯಾನ್ ಹೋಗ್ತಾ ಇದೆ. ತೋರಿಸಿ ಬಿಡಿ. ನನ್ ಮಗಳದ್ದು ನೋಡ್ಬೇಕು ನೀವು, ಇರುವೆ ನಡೆದ ಹಾಗೆ."

ಡ್ರೈವರ್ ತಿರುಗಿ ನೋಡಿದ. "ಅವಳು ಆಟ ಆಡ್ತಾಳಾ ಅದ್ರಲ್ಲಿ?"

"ತಂಡದಲ್ಲಿ ಆಡ್ತಾಳೆ," ಎಂದ ತಂಪಣ್ಣ ಹೆಮ್ಮೆಯಿಂದ. ಎದ್ದು ಬಂದು ಪರದೆ ನೋಡಿದ. ಒಂದು ಕೆಂಪು ಸೇತುವೆ, ಅದರ ಕೆಳಗೆ ಓಡುವ ಜನ. ಆ ಸೇತುವೆಯನ್ನು ಅವನು ಮಗಳ ಫೋನಿನಲ್ಲಿ ನೋಡಿದ್ದ. "ಇದೇ! ಇದೇ ಆಟ. ಹೆಸರೇನು ಇದರದ್ದು?"

ಡ್ರೈವರ್ ಹೆಸರು ಹೇಳಿದ. ಹೌದು, ಅದೇ ಹೆಸರು.

"ಸದ್ದು ಮಾಡದೆ ಇದು ಆಡಕ್ಕಾಗಲ್ಲ ಕಣಣ್ಣ," ಎಂದ ಡ್ರೈವರ್. "ಬಸ್ ದಿಬ್ಬ ಹತ್ತುವಾಗ ಇಂಜಿನ್ ಕೂಗಲ್ವಾ, ಹಾಗೆ. ಫ್ಯಾನೇ ಇಲ್ದೆ ಇರೋ ತೆಳ್ಳಂದು ನನ್ ತಂಗಿ ಹತ್ರ ಒಂದಿದೆ. ಅದ್ರಲ್ಲಿ ಇದನ್ನ ಹಾಕಿ ನೋಡ್ದೆ. ನಿಂತ್ ನಿಂತ್ ಹೋಗುತ್ತೆ, ಆಡೋದಿರ್ಲಿ ನೋಡಕ್ಕೂ ಆಗಲ್ಲ. ನಿಮ್ ಮಗಳದ್ದು ಬೇರೆ ಥರದ್ದಿರ್ಬೇಕು ಬಿಡಿ."

ತಂಪಣ್ಣ ಫ್ರಿಡ್ಜಿನ ಹಿಂದೆ ಹೋಗಿ ಕೂತ.  ಚೆನ್ನಾಗಿದೆ ಅಪ್ಪ, ಚೆನ್ನಾಗಿ ನಡೀತಾ ಇದೆ ಅಪ್ಪ. ಮೂರು ವಾರ ಅವಳು ಆ ಮೂಲೆಯಲ್ಲಿ ಕೂತು ಏನು ಮಾಡುತ್ತಿದ್ದಳು? 

ಮನೆಗೆ ಬಂದವನೇ ಕೋಣೆಗೆ ಹೋಗಿ ಪರದೆಯ ಮುಂದೆ ನಿಂತ. ಚೂಟಿ ಗಾಬರಿಯಿಂದ ಮುಚ್ಚಲು ಹೋದಳು. ಅವಳು ಆಡುತ್ತಿರಲಿಲ್ಲ. ಬೇರೆಯವರು ಆಡಿದ ಆಟವನ್ನು ನೋಡುತ್ತಿದ್ದಳು.

"ಇದ್ರಲ್ಲಿ ನಿನ್ ಆಟ ಓಡಲ್ಲ ಅಲ್ವಾ?"

ಚೂಟಿ ಹೆಡ್‌ಫೋನ್ ತೆಗೆದಳು. "ಓಡಲ್ಲ."

"ಮತ್ತೆ ಚೆನ್ನಾಗಿದೆ ಚೆನ್ನಾಗಿದೆ ಅಂತ ನನ್ನ ಮಂಗ ಮಾಡಿದ್ಯಾ? ಬಾಯಿ ಇರ್ಲಿಲ್ವಾ ಹೇಳಕ್ಕೆ?"

ಅದುವರೆಗೆ ತಡೆದು ಇಟ್ಟುಕೊಂಡದ್ದೆಲ್ಲ ಅವಳ ಬಾಯಿಂದ ಕಟ್ಟೆಯೊಡೆದು ಬಂತು. "ಹೇಳಿದ್ನಲ್ಲಪ್ಪ! ಅಂಗಡೀಲಿ ಹೇಳ್ದೆ, ಊಟಕ್ಕೆ ಕೂತಾಗೆಲ್ಲ ಹೇಳ್ದೆ. ಬಾಗಿಲಲ್ಲಿ ನಿಂತು ಹೇಳ್ದೆ. ಕಪ್ಪುದ್ದೇ ತಾ, ಬೇರೆ ನೋಡ್ಬೇಡ ಅಂತ. ಇನ್ನೆಷ್ಟು ಸಲ ಹೇಳ್ಬೇಕಿತ್ತು?"

"ತಂದ್ಮೇಲೆ ಹೇಳ್ಬೇಕಿತ್ತು!"

"ತಂದ್ಮೇಲೆ ಏನ್ ಹೇಳೋದು? ಅಮ್ಮ ಫ್ರಿಡ್ಜಿನ ದುಡ್ಡು ಕೊಟ್ಟಿದ್ಲು. ನೀನು ಬೀದಿಗೆಲ್ಲ ಸಾರಿ ಬಂದಿದ್ದೆ. ಹೇಳಿದ್ರೆ ಅಮ್ಮ ನಿನ್ ಮೇಲೆ ಕೂಗ್ತಿದ್ಲು, ನೀನು ಅಮ್ಮನ ಮೇಲೆ ಕೂಗ್ತಿದ್ದೆ, ಅಜ್ಜಿ ಇಬ್ರಿಗೂ ಒಗ್ಗರಣೆ ಹಾಕ್ತಿದ್ಲು. ನಂಗೆ ಬೇಡ ಅನ್ನಿಸ್ತು."

ಅಡುಗೆಮನೆಯಿಂದ ಅಮ್ಮ ಬಂದಳು. ವಿಷಯ ತಿಳಿದು ಗಂಡನ ಕಡೆ ತಿರುಗಿದಳು. "ರೀ, ನಾನು ನಿಮ್ಗೆ ಏನಂದು ದುಡ್ಡು ಕೊಟ್ಟೆ? ಅವಳು ಕೇಳಿದ್ದನ್ನ ತನ್ನಿ ಅಂದೆ. ನಿಮ್ ಕಿವಿಗೆ ಹಿತವಾಗಿದ್ದು ತನ್ನಿ ಅಂದ್ನಾ?"

"ನಾನೇನು ಬೇಕೂಂತ ಮಾಡಿದ್ನಾ? ಅವಳ ಒಳ್ಳೇದಕ್ಕೆ..."

"ಬಿಡೋ ಸಾಕು," ಎಂದರು ಅಜ್ಜಿ, ಕೂತಲ್ಲಿಂದಲೇ. "ಊರ ಫ್ರಿಡ್ಜಿಗೆಲ್ಲ ಕಿವಿ ಕೊಡ್ತೀಯ. ಹೆತ್ತ ಮಗಳ ಮಾತಿಗೆ ಕೊಡಲಿಲ್ಲ. ಅಷ್ಟೇ ವಿಷ್ಯ."

ತಾಯಿ ತನ್ನ ಪರ ನಿಲ್ಲುತ್ತಾಳೆ ಎಂದು ನಂಬಿದ್ದ ತಂಪಣ್ಣ ಮಂಚದ ತುದಿಗೆ ಕೂತ. ಆಮೇಲೆ ಕೇಳಿದ: "ತಂಡದವರು ಏನಂದ್ರು?"

"ಇಂಟರ್ನೆಟ್ ಸರಿ ಇಲ್ಲ ಅಂತ ಸುಳ್ ಹೇಳಿದೀನಿ. ಎಷ್ಟ್ ದಿನ ಕಾಯ್ತಾರೆ? ನನ್ ಜಾಗಕ್ಕೆ ಬೇರೆಯವಳನ್ನ ಹಾಕಿದಾರೆ."

"ನಿನ್ ತಂಡದ ಕ್ಯಾಪ್ಟನ್ ನಂಬರ್ ಕೊಡು."

"ಬೇಡ ಅಪ್ಪ. ನೀನು ಅವರಿಗೂ ಬುದ್ಧಿ ಹೇಳ್ತೀಯ."

"ಕೊಡೇ," ಎಂದರು ಅಜ್ಜಿ. "ಅವನೂ ಒಂದ್ ಸಲ ಬೈಸಿಕೊಳ್ಳಲಿ."

ಚೂಟಿ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟಳು. ಕ್ಯಾಪ್ಟನ್ ಎಂದರೆ ಮೀಸೆ ಹೊತ್ತ ಗಂಡಸೇ ಇರಬೇಕು ಎಂದು ತಂಪಣ್ಣ ಗಂಟಲು ಸರಿಮಾಡಿಕೊಂಡ. ಫೋನಿನಿಂದ ಮೊದಲು ಬಂದದ್ದು ಕೂಸಿನ ಅಳು, ಅದರ ಹಿಂದೆ ಹೆಂಗಸಿನ ದನಿ: "ಒಂದ್ನಿಮಿಷ, ಮಗು ಮಲಗಿಸ್ತಾ ಇದೀನಿ. ಹೇಳಿ."

"ನಾನು ಚೂಟಿ ಅಪ್ಪ. ನೋಡಮ್ಮ, ಇಂಟರ್ನೆಟ್ ಕಥೆ ಸುಳ್ಳು. ತಪ್ಪು ಅವಳದ್ದಲ್ಲ. ಅವಳು ಸರಿಯಾದ್ದೇ ಆರಿಸಿದ್ಲು. ತಪ್ಪು ಲ್ಯಾಪ್‌ಟಾಪ್ ತಂದಿದ್ದು ನಾನು. ತಪ್ಪು ನನ್ದು."

ಗಿರಾಕಿಯ ಫ್ರಿಡ್ಜ್ ಕೆಟ್ಟರೆ ಕರೆಂಟಿನ ತಪ್ಪು, ಕಂಪನಿಯ ತಪ್ಪು, ಬಾಗಿಲು ತೆರೆದಿಟ್ಟ ಮಕ್ಕಳ ತಪ್ಪು ಎನ್ನುತ್ತಿದ್ದ ಬಾಯಿ ಅದು. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದು ಬಿಟ್ಟು ಗಂಡನನ್ನು ನೋಡಿದಳು.

"ಅವಳ ಜಾಗ ತುಂಬಿದೆ ಸಾರ್," ಎಂದಳು ಕ್ಯಾಪ್ಟನ್. "ಹೊಸಬಳು ಚೆನ್ನಾಗೇ ಆಡ್ತಾಳೆ. ಆದ್ರೂ ಒಂದ್ ಮಾಡ್ತೀನಿ. ಭಾನುವಾರ ಮಧ್ಯಾಹ್ನ ಇಬ್ರನ್ನೂ ಆಡಿಸ್ತೀನಿ. ಯಾರು ಚೆನ್ನಾಗ್ ಆಡ್ತಾರೋ ಅವರು ಉಳೀತಾರೆ. ದಾಕ್ಷಿಣ್ಯ ಗೀಕ್ಷಿಣ್ಯ ಇಲ್ಲ, ಮೊದ್ಲೇ ಹೇಳ್ತೀನಿ."

"ಬೇಡಮ್ಮ. ದಾಕ್ಷಿಣ್ಯ ಬೇಡ," ಎಂದ ತಂಪಣ್ಣ.

ಮರುದಿನ ಅಪ್ಪ ಮಗಳಿಬ್ಬರೇ ಅಂಗಡಿಗೆ ಹೋದರು. ದಾರಿಯಲ್ಲಿ ಚೂಟಿ ಒಂದೇ ಮಾತು ಹೇಳಿದ್ದು: "ಅಲ್ಲಿ ನೀನು ಮಾತಾಡ್ಬೇಡ." ಬಿಚ್ಚಿ ಬಳಸಿದ್ದನ್ನು ಪೂರ್ತಿ ಬೆಲೆಗೆ ವಾಪಸ್ ಪಡೆಯುವುದಿಲ್ಲ ಎಂದರು ಅಂಗಡಿಯವರು, ಅದು ನ್ಯಾಯವೇ ಆಗಿತ್ತು. ಕಪ್ಪು ಲ್ಯಾಪ್‌ಟಾಪ್ ಎಂದೋ ಮಾರಾಟವಾಗಿತ್ತು. ಉಳಿದದ್ದರಲ್ಲಿ ನೋಡಬೇಕಿತ್ತು. ಕೌಂಟರಿನ ಹುಡುಗಿಗೆ ತಂಪಣ್ಣನ ಗುರುತು ಹತ್ತಿತು. ಸಾಲಾಗಿದ್ದ ಲ್ಯಾಪ್‌ಟಾಪುಗಳ ಮುಂದೆ ನಿಂತು, "ಸಾರ್, ಈ ಸಲ ಯಾವ್ದು ತೋರಿಸ್ಲಿ?" ಎಂದಳು.

"ಅವಳನ್ನ ಕೇಳಿ," ಎಂದ ತಂಪಣ್ಣ.

ಚೂಟಿ ಅವಸರ ಮಾಡಲಿಲ್ಲ. ಒಂದರ ಕೀಬೋರ್ಡಿನ ಕೀಲಿಗಳು ಒಳಗೆ ಕೂತಿದ್ದವು, ಬೇಡವೆಂದಳು. ಇನ್ನೊಂದರಲ್ಲಿ ಚಿತ್ರದ ಭಾಗ ಬೇರೆ ಇರಲಿಲ್ಲ, ಮುಚ್ಚಿದಳು. ಮೂರನೆಯದರ ಮುಚ್ಚಳಕ್ಕೆ ಯಾರೋ ಉಗುರಿನಿಂದ ಕೆರೆದಂತೆ ಗೀರು, ಒಂದು ಮೂಲೆ ಒಡೆದಿತ್ತು. ಅದಕ್ಕೆ ತನ್ನ ಆಟವನ್ನೇ ಹಾಕಿಸಿದಳು. ಅದು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ತಂಪಣ್ಣನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡಿತು. ಎರಡು ಸಲ ಬಾಯಿ ತೆರೆದು ಎರಡು ಸಲವೂ ಕೆಮ್ಮಿದ. ಚೂಟಿ ಆಟ ನಿಲ್ಲದೆ ಓಡುವುದನ್ನು ಕಣ್ಣು ಕೀಲಿಸಿ ನೋಡಿದಳು, ಅಂಗೈ ಇಟ್ಟು ಬಿಸಿ ನೋಡಿದಳು. ಆಮೇಲೆ, "ಇದೇ" ಎಂದಳು. ರಿಪೇರಿ ಕೆಲಸದ ಗ್ಯಾಸ್ ಸಿಲಿಂಡರ್ ತರಲೆಂದು ತೆಗೆದಿಟ್ಟಿದ್ದ ಹಣವನ್ನು ತಂಪಣ್ಣ, ವಾಪಸ್ ಸಿಕ್ಕ ಹಣಕ್ಕೆ ಸೇರಿಸಿದ. ಹೆಂಡತಿಯ ಫ್ರಿಡ್ಜ್ ಇನ್ನೊಂದು ವರ್ಷ ಹಿಂದೆ ಸರಿಯಿತು. ಅದನ್ನು ಅವಳಿಗೆ ಅವನೇ ಬಾಯಿಬಿಟ್ಟು ಹೇಳಿದ. ಅವಳು ಎರಡು ದಿನ ಅವನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಚೂಟಿ ಸ್ಟೇಷನರಿ ಅಂಗಡಿಗೆ ರಜೆ ಹಾಕಿ ಭಾನುವಾರದವರೆಗೆ ಆಡಿದಳು. ಅವಳ ಬೆರಳುಗಳಿಗೆ ಅಭ್ಯಾಸ ತಪ್ಪಿತ್ತು. ಕೋಣೆಯಿಂದ ಅವಳು ತನ್ನನ್ನು ತಾನೇ ಬೈದುಕೊಳ್ಳುವುದು ಕೇಳಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಅಮ್ಮ ಆಲೂಗಡ್ಡೆ ಬೇಯಿಸಿ, ಅನ್ನ ಮಾಡಿ, ತಟ್ಟೆಗಳನ್ನು ಹಾಕಿ ಕಾದಳು. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಆ ಭರ್ರೆನ್ನುವ ಸದ್ದು, ಅದರ ಮೇಲೆ ಚೂಟಿಯ ದನಿ: "ಈಗ! ಈಗ! ಎಡಗಡೆ!" ಅವಳು ಹಾಗೆ ಕೂಗಬಲ್ಲಳು ಎಂದು ತಂಪಣ್ಣನಿಗೆ ಗೊತ್ತಿರಲಿಲ್ಲ.

"ಬೇಕಾದ್ರೆ ಹೊರಗ್ ಹೋಗಿ ನಿಂತ್ಕೊಳ್ಳಿ," ಎಂದಳು ಹೆಂಡತಿ.

"ಬೇಡ," ಎಂದ. ಬಾಗಿಲ ಪಕ್ಕವೇ ಮಣೆ ಹಾಕಿಕೊಂಡು ಕೂತ.

ಅನ್ನ ಆರಿತು. ಅಜ್ಜಿ ಹಸಿವು ತಡೆಯದೆ ಒಂದು ಆಲೂಗಡ್ಡೆ ತಿಂದರು. ಕೊನೆಗೊಮ್ಮೆ ಒಳಗಿನ ಸದ್ದು ನಿಂತಿತು. ತಂಪಣ್ಣನಿಗೆ ಮೊದಲ ಬಾರಿ ಮೌನ ಕೇಳಿ ಹೆದರಿಕೆಯಾಯಿತು. ಬಾಗಿಲು ತೆರೆದು ಚೂಟಿ ಬಂದಳು. ಕಣ್ಣು ಕೆಂಪಾಗಿದ್ದವು.

"ಸೋತೆ," ಎಂದಳು. "ಅವಳೇ ಉಳಿದ್ಲು."

 ಅವಳು ಅಪ್ಪನ ಎದುರು ನಿಂತು, ಅಳುತ್ತಲೇ, ನೇರವಾಗಿ ಹೇಳಿದಳು: "ಸ್ವಲ್ಪದ್ರಲ್ಲಿ ಹೋಯ್ತು. ಆ ಮೂರ್ ವಾರ ಆಡಿದ್ರೆ ನಾನೇ ಗೆಲ್ತಿದ್ದೆ. ನಿನ್ನಿಂದ ಹೋಯ್ತು ಅಪ್ಪ."

"ಏಯ್, ಅಪ್ಪನಿಗೆ ಹಾಗನ್ನಬಾರ್ದು," ಎಂದರು ಅಜ್ಜಿ.

"ಅನ್ನಲಿ ಬಿಡಮ್ಮ," ಎಂದ ತಂಪಣ್ಣ.  "ಹೌದು ಮಗಳೇ. ನನ್ನಿಂದ್ಲೇ ಹೋಯ್ತು."

ಚೂಟಿ ಮೂಗೊರೆಸಿಕೊಂಡು ತಟ್ಟೆಯ ಮುಂದೆ ಕೂತಳು. ಅಮ್ಮ ಬಡಿಸಿದಳು. ಎರಡು ತುತ್ತು ತಿಂದ ಮೇಲೆ ಚೂಟಿಯೇ ಹೇಳಿದಳು: "ಪಂದ್ಯಕ್ಕೆ ಬದಲಿ ಆಟಗಾರ್ತಿಯಾಗಿ ಇರ್ತೀಯಾ ಅಂತ ಕೇಳಿದ್ರು ಕ್ಯಾಪ್ಟನ್. ಯೋಚ್ನೆ ಮಾಡ್ತೀನಿ ಅಂದಿದೀನಿ."

ಒಪ್ಪಿಕೋ, ಬಿಡಬೇಡ, ಇಂಥದ್ದಕ್ಕೆಲ್ಲ ಯೋಚನೆ ಏಕೆ ಎಂಬ ಮೂರು ಮಾತು ತಂಪಣ್ಣನ ಬಾಯಿಗೆ ಸಾಲಾಗಿ ಬಂದವು. ನೀರು ಕುಡಿದು ಮೂರನ್ನೂ ನುಂಗಿದ.

"ಎಲ್ಲಿ ಸೋತೆ? ಹೇಗೆ?" ಎಂದು ಕೇಳಿದ.

ಅವಳು ನಂಬದವಳಂತೆ ಅವನನ್ನು ನೋಡಿದಳು. ಆಮೇಲೆ ಅಜ್ಜಿಯ ಲೋಟ ಎಳೆದು ನಡುವೆ ಇಟ್ಟಳು, ಉಪ್ಪಿನ ಬಟ್ಟಲನ್ನು ಅದರ ಎದುರಿಗಿಟ್ಟಳು, ಎರಡು ಚಮಚ ಅಡ್ಡಡ್ಡ ಹಾಕಿದಳು. "ಇದು ಸೇತುವೆ ಅಂತಿಟ್ಕೋ. ನಾನು ಇಲ್ಲಿದೀನಿ. ಹಿಂದೆ ನಾಲ್ಕು ಜನ. ನಾನು ಹೇಳೋವರೆಗೆ ಅವರು ಬರಲ್ಲ. ಆ ಕಡೆಯಿಂದ ಒಬ್ಬ ಕೆಳಗಿಳಿದ, ನಂಗೆ ಕಾಣಿಸ್ತು, ಆದ್ರೆ ಕೈ ಒಂದ್ ಚೂರು ತಡವಾಯ್ತು..."

ತಂಪಣ್ಣನಿಗೆ ಅರ್ಧ ಅರ್ಥವಾಗಲಿಲ್ಲ. ಕಲಸಿದ ಅನ್ನ ಕೈಯಲ್ಲೇ ಒಣಗಿತು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

"ಆಮೇಲೆ?" ಎಂದ.